ಪಾರ್ಶ್ವವಾಯು, ಬಿಳಿ ರಕ್ತಕಣ ಮತ್ತು ಯಂತ್ರ ಅಳಿಸಿಹಾಕುವ ಅಂಕಿಗಳು

ಪಾರ್ಶ್ವವಾಯು ಬಡಿದವರ ರಕ್ತದ ಕೊಳವೆ ಪ್ರಯೋಗಾಲಯ ತಲುಪುವ ಮೊದಲೇ ತುರ್ತು ಚಿಕಿತ್ಸಾ ವಿಭಾಗದಿಂದ ಫೋನ್ ಬಂದಿರುತ್ತದೆ. ಕೇಳುವುದು ಮೂರೇ: ಸಕ್ಕರೆ ಎಷ್ಟು, ಪ್ಲೇಟ್‌ಲೆಟ್ ಎಷ್ಟು, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಎಷ್ಟು. ಅವರ ಅವಸರ ನ್ಯಾಯವಾದದ್ದೇ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ 4.5 ಗಂಟೆಯೊಳಗೆ ಕೊಡಬೇಕು. ಸಕ್ಕರೆ ತೀರ ಇಳಿದಿದ್ದರೆ ಅದೇ ಪಾರ್ಶ್ವವಾಯುವಿನ ವೇಷ ತೊಟ್ಟು ಬಂದಿರಬಹುದು. ಪ್ಲೇಟ್‌ಲೆಟ್ ಮೈಕ್ರೊಲೀಟರಿಗೆ ಒಂದು ಲಕ್ಷದ ಕೆಳಗಿದ್ದರೆ ಔಷಧವೇ ಮಿದುಳಿನಲ್ಲಿ ರಕ್ತಸ್ರಾವಕ್ಕೆ ದಾರಿ ಮಾಡಿಕೊಟ್ಟೀತು. ಮೂರು ಅಂಕಿ ಹೇಳಿ ಫೋನ್ ಇಟ್ಟ ಮೇಲೆ ವರದಿಯ ಉಳಿದ ಭಾಗ ಕಡತ ಸೇರುತ್ತದೆ. ರಕ್ತಕಣ ಎಣಿಸುವ ಯಂತ್ರದ ಮುಂದೆ ಪಾಳಿ ಕಳೆಯುವ ನನಗೆ ಕುತೂಹಲವಿರುವುದು ಆ ಉಳಿದ ಭಾಗದ ಬಗ್ಗೆ, ಅದರಲ್ಲೂ ಬಿಳಿ ಕಣಗಳ ಬಗ್ಗೆ.

ಬಿಳಿ ಕಣ ಎಷ್ಟಿವೆ ಎಂದು ಎಲ್ಲರೂ ಓದುತ್ತಾರೆ. ಅವು ಯಾವ ಸ್ಥಿತಿಯಲ್ಲಿವೆ ಎಂದು ಕೇಳುವವರು ಕಡಿಮೆ. ಆ ಸ್ಥಿತಿಯ ಸುಳಿವು ಕಣದ ವಿದ್ಯುತ್ ಗುಣಗಳಲ್ಲಿ ಸಿಗುತ್ತದೆ. ಅದನ್ನು ಅರ್ಧಂಬರ್ಧವಾಗಿ ಅಳೆಯುವ ಯಂತ್ರ ಅನೇಕ ದೊಡ್ಡ ಪ್ರಯೋಗಾಲಯಗಳಲ್ಲಿ ಈಗಾಗಲೇ ಕೂತಿದೆ. ನನ್ನ ತಕರಾರು ಇಷ್ಟೇ: ಅಳೆಯುತ್ತೇವೆ, ಎಣಿಕೆಯನ್ನು ಮಾತ್ರ ಇಟ್ಟುಕೊಂಡು ಮಿಕ್ಕದ್ದನ್ನು ಅಳಿಸಿಹಾಕುತ್ತೇವೆ.

ಯಂತ್ರದ ಮೂಲತತ್ವ ಸರಳ. ವಾಲೆಸ್ ಕೌಲ್ಟರ್ ಎಂಬ ಅಮೆರಿಕದ ಎಂಜಿನಿಯರ್ 1953ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಉಪ್ಪುನೀರಿನಲ್ಲಿ ತೇಲುವ ಕಣಗಳನ್ನು ಒಂದು ಸಣ್ಣ ರಂಧ್ರದ ಮೂಲಕ ಹೀರಬೇಕು, ರಂಧ್ರದ ಎರಡೂ ಬದಿಯಲ್ಲಿ ವಿದ್ಯುದ್ವಾರ ಇಟ್ಟು ನೇರ ವಿದ್ಯುತ್ ಹರಿಸಬೇಕು. ಉಪ್ಪುನೀರು ಒಳ್ಳೆಯ ವಾಹಕ, ಕಣದ ಪೊರೆ ಹಾಗಲ್ಲ. ಕಣ ರಂಧ್ರ ದಾಟುವ ಕ್ಷಣದಲ್ಲಿ ರೋಧ ಏರಿ ಒಂದು ಮಿಡಿತ ಮೂಡುತ್ತದೆ. ಮಿಡಿತಗಳನ್ನು ಎಣಿಸಿದರೆ ಕಣಗಳ ಸಂಖ್ಯೆ ಸಿಕ್ಕಿತು, ಮಿಡಿತದ ಎತ್ತರ ನೋಡಿದರೆ ಕಣದ ಗಾತ್ರವೂ ಸಿಕ್ಕಿತು. ರಕ್ತದಲ್ಲಿ ಬಿಳಿ ಕಣ ಒಂದಿದ್ದರೆ ಕೆಂಪು ಕಣ ಸುಮಾರು 500ರಿಂದ 1,000 ಇರುವುದರಿಂದ, ಬಿಳಿ ಕಣ ಎಣಿಸುವ ಮೊದಲು ಕೆಂಪು ಕಣಗಳನ್ನು ಒಡೆದು ಹಾಕುವ ದ್ರಾವಣ ಬೆರೆಸುತ್ತೇವೆ. ಈ ದ್ರಾವಣದ ಮೇಲೆ ನನಗೊಂದು ಸಿಟ್ಟಿದೆ, ಅದನ್ನು ಮುಂದೆ ಹೇಳುತ್ತೇನೆ.

ನೇರ ವಿದ್ಯುತ್ತಿನ ಕಣ್ಣಿಗೆ ಕಣವೆಂದರೆ ಒಂದು ಗಟ್ಟಿ ಗುಂಡು, ಅಷ್ಟೆ. ಒಳಗೇನಿದೆ ಎಂದು ಅದಕ್ಕೆ ತಿಳಿಯದು. ಆವರ್ತನ ಏರಿಸುತ್ತ ಹೋದರೆ ಚಿತ್ರ ಬದಲಾಗುತ್ತದೆ. ಕೋಶಪೊರೆ ಸುಮಾರು 5 ನ್ಯಾನೊಮೀಟರ್ ದಪ್ಪದ ಕೊಬ್ಬಿನ ಪದರ. ಅದರ ಒಳಗೂ ಉಪ್ಪುನೀರು, ಹೊರಗೂ ಉಪ್ಪುನೀರು. ಎರಡು ವಾಹಕಗಳ ನಡುವೆ ಒಂದು ಅವಾಹಕ ಇದ್ದರೆ ಅದು ವಿದ್ಯುತ್ತನ್ನು ಹಿಡಿದಿಡುವ ಕೆಪ್ಯಾಸಿಟರ್; ಎಷ್ಟು ಹಿಡಿದಿಡಬಲ್ಲದು ಎಂಬುದು ಅದರ ಕೆಪ್ಯಾಸಿಟನ್ಸ್. ಹ್ಯೂಗೋ ಫ್ರಿಕೆ ಎಂಬ ವಿಜ್ಞಾನಿ 1925ರಲ್ಲಿ ರಕ್ತದ ಮೂಲಕ ಪರ್ಯಾಯ ವಿದ್ಯುತ್ ಹರಿಸಿ ಕೆಂಪು ಕಣದ ಪೊರೆಯ ಕೆಪ್ಯಾಸಿಟನ್ಸ್ ಚದರ ಸೆಂಟಿಮೀಟರಿಗೆ 0.81 ಮೈಕ್ರೊಫ್ಯಾರಡ್ ಎಂದು ಲೆಕ್ಕ ಹಾಕಿದರು, ಅದರಿಂದ ಪೊರೆಯ ದಪ್ಪ 3.3 ನ್ಯಾನೊಮೀಟರ್ ಇರಬಹುದೆಂದು ಊಹಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ ರೋಧ ಅಳೆಯುವ ‘ವಿದ್ಯುತ್ ಸೇತುವೆ’ ಎಂಬ ಉಪಕರಣವೊಂದನ್ನು ಇಟ್ಟುಕೊಂಡು ಕೋಶಪೊರೆ ಅಣುಗಳಷ್ಟೇ ತೆಳುವೆಂದು ತೋರಿಸಿದ ಆ ಕೆಲಸ ನೆನಪಾದಾಗಲೆಲ್ಲ, ನಮ್ಮ ಯಂತ್ರಗಳಿಗೆ ಹೆಚ್ಚಿನ ವಿನಯ ಬೇಕು ಅನ್ನಿಸುತ್ತದೆ.

ಕೆಲವು ನೂರು ಕಿಲೋಹರ್ಟ್ಸ್ ಆವರ್ತನದಲ್ಲಿ ಪೊರೆಯ ಗುಣ ಕಾಣುತ್ತದೆ. ಮೆಗಾಹರ್ಟ್ಸ್ ದಾಟಿದಂತೆ ವಿದ್ಯುತ್ತು ಪೊರೆಯನ್ನು ಹಾಯ್ದು ಒಳಗಿನ ಕೋಶರಸ, ನ್ಯೂಕ್ಲಿಯಸ್, ಹರಳುಗಳ ಸುದ್ದಿ ತರುತ್ತದೆ. ದೊಡ್ಡ ಎಣಿಕೆ ಯಂತ್ರಗಳಲ್ಲಿ ಕೆಲವು ಈ ಕಾರಣಕ್ಕೇ ಗಾತ್ರದ ಜೊತೆ ರೇಡಿಯೊ ಆವರ್ತನದ ವಾಹಕತೆಯನ್ನೂ, ಲೇಸರ್ ಬೆಳಕಿನ ಚದುರುವಿಕೆಯನ್ನೂ ಅಳೆಯುತ್ತವೆ. ಪರದೆಯ ಮೇಲೆ ಕಾಣುವ ಚುಕ್ಕೆಗಳ ಮೋಡ ಅದೇ: ಬಿಳಿ ಕಣದ ಬಗೆಗಳಲ್ಲಿ ನ್ಯೂಟ್ರೊಫಿಲ್ ಒಂದು ಕಡೆ, ಲಿಂಫೊಸೈಟ್ ಒಂದು ಕಡೆ, ಮಾನೊಸೈಟ್ ಅವೆರಡರ ಆಚೆ. ಮೋಡದ ಒಳಗೆ ಎಷ್ಟು ಚುಕ್ಕೆ ಎಂಬುದು ವರದಿಗೆ ಹೋಗುತ್ತದೆ. ಮೋಡ ಎಲ್ಲಿದೆ, ಎಷ್ಟು ಹರಡಿದೆ ಎಂಬುದು ಹೋಗುವುದಿಲ್ಲ.

ಮೋಡ ಎಲ್ಲಿದೆ ಎಂಬುದಕ್ಕೆ ಅರ್ಥವಿದೆ ಎನ್ನಲು ಆಧಾರವೇನು? ಬಿಳಿ ಕಣಗಳನ್ನು ತಿರುಗುವ ವಿದ್ಯುತ್ ಕ್ಷೇತ್ರದಲ್ಲಿಟ್ಟು ಅಳೆದ 1999ರ ಒಂದು ಅಧ್ಯಯನದಲ್ಲಿ ಪೊರೆಯ ಕೆಪ್ಯಾಸಿಟನ್ಸ್, ಚದರ ಸೆಂಟಿಮೀಟರಿಗೆ, ಟಿ ಲಿಂಫೊಸೈಟ್‌ಗೆ ಸುಮಾರು 1.05, ಬಿ ಲಿಂಫೊಸೈಟ್‌ಗೆ 1.26, ಗ್ರ್ಯಾನ್ಯುಲೊಸೈಟ್‌ಗೆ (ನ್ಯೂಟ್ರೊಫಿಲ್ ಸೇರಿದ ಗುಂಪು) 1.10, ಮಾನೊಸೈಟ್‌ಗೆ 1.53 ಮೈಕ್ರೊಫ್ಯಾರಡ್ ಬಂದಿತ್ತು. ಎಲ್ಲವೂ ಒಂದೇ ಬಗೆಯ ಕೊಬ್ಬಿನ ಪದರವಾಗಿರುವಾಗ ಈ ವ್ಯತ್ಯಾಸ ಏಕೆ? ಮುಖ್ಯ ಕಾರಣ ನೆರಿಗೆಗಳು. ಮಡಿಚಿಟ್ಟ ಬಟ್ಟೆ ಕಡಿಮೆ ಜಾಗ ಹಿಡಿದರೂ ಬಿಡಿಸಿದರೆ ಮಂಚ ತುಂಬುವ ಹಾಗೆ, ಮಾನೊಸೈಟ್‌ನ ಪೊರೆ ಸುಕ್ಕು ಸುಕ್ಕಾಗಿ ಸಂಕೋಚಗೊಂಡಿರುತ್ತದೆ. ನಾವು ಕಣವನ್ನು ನುಣುಪು ಗೋಲವೆಂದು ಭಾವಿಸಿ ಭಾಗಿಸುವುದರಿಂದ ಸುಕ್ಕೆಲ್ಲ ಹೆಚ್ಚುವರಿ ಕೆಪ್ಯಾಸಿಟನ್ಸ್ ಆಗಿ ಕಾಣುತ್ತದೆ. ಅಂದರೆ ಈ ಅಂಕಿ ಪೊರೆಯ ಆಕಾರವನ್ನು ಓದುತ್ತಿದೆ. ಬಿಳಿ ಕಣ ಕೆರಳಿದಾಗ ಮೊದಲು ಬದಲಾಗುವುದೂ ಅದೇ ಆಕಾರ.

ನ್ಯೂಟ್ರೊಫಿಲ್ ಕೆರಳಿದಾಗ ಆಗುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಕಾಲು ಚಾಚುತ್ತದೆ, ಉಬ್ಬುತ್ತದೆ. ಒಳಗಿನ ಹರಳುಗಳು, ಅಂದರೆ ಕಿಣ್ವ ತುಂಬಿದ ಪುಟ್ಟ ಚೀಲಗಳು, ಹೊರಪೊರೆಯೊಂದಿಗೆ ಬೆಸೆದುಕೊಂಡು ಸರಕನ್ನು ಹೊರಗೆ ಸುರಿಯುತ್ತವೆ. ಬೆಸೆದ ಪ್ರತಿ ಹರಳಿನ ಪೊರೆಯೂ ಹೊರಪೊರೆಗೆ ಸೇರುವುದರಿಂದ ಕೆಪ್ಯಾಸಿಟನ್ಸ್ ಏರುತ್ತದೆ. ಒಂದೊಂದೇ ಕಣಕ್ಕೆ ಗಾಜಿನ ಸೂಜಿ ಹಚ್ಚಿ ಈ ಏರಿಕೆಯನ್ನು 1980ರ ದಶಕದಲ್ಲೇ ದಾಖಲಿಸಿದ್ದಾರೆ. ಇನ್ನೊಂದು ಕಡೆ, ಸೂಕ್ಷ್ಮಾಣುಗಳನ್ನು ಕೊಲ್ಲಲು ನ್ಯೂಟ್ರೊಫಿಲ್ ಆಮ್ಲಜನಕಕ್ಕೆ ಎಲೆಕ್ಟ್ರಾನ್‌ಗಳನ್ನು ಅಂಟಿಸಿ ವಿಷಕಾರಿ ರೂಪ ಕೊಡುತ್ತದೆ. ಈ ಎಲೆಕ್ಟ್ರಾನ್‌ಗಳು ಒಳಗಿನಿಂದ ಪೊರೆಯನ್ನು ದಾಟಿ ಹೋಗುತ್ತವೆ. ಅದೇ ಒಂದು ವಿದ್ಯುತ್ ಪ್ರವಾಹ. ಋಣ ವಿದ್ಯುತ್ತು ಹೊರಗೆ ಹೋದಂತೆಲ್ಲ ಪೊರೆಯ ವೋಲ್ಟೇಜ್ ಕುಸಿದು ತಿರುಗುಮುರುಗಾಗುತ್ತದೆ. ಅದನ್ನು ಸರಿದೂಗಿಸಲು ಪ್ರೋಟಾನ್‌ಗಳು ಹೊರಹೋಗುವ ಒಂದು ಕಾಲುವೆ ತೆರೆದುಕೊಳ್ಳುತ್ತದೆ. ಆ ಕಾಲುವೆಯ ಜೀನ್ ಪತ್ತೆಯಾದದ್ದು 2006ರಲ್ಲಿ. ಟಿ ಲಿಂಫೊಸೈಟ್‌ಗೂ ತನ್ನದೇ ಪೊಟ್ಯಾಸಿಯಂ ಕಾಲುವೆ ಇದೆಯೆಂದು 1984ರಲ್ಲಿ ಕಂಡುಕೊಂಡಿದ್ದರು. ಅದನ್ನು ತಡೆದರೆ ಲಿಂಫೊಸೈಟ್ ಸರಿಯಾಗಿ ಸಕ್ರಿಯವಾಗುವುದಿಲ್ಲ. ನರಕೋಶಕ್ಕೆ ಮಾತ್ರ ವಿದ್ಯುತ್ತು, ರಕ್ತಕಣಕ್ಕೆ ರಸಾಯನ ಎಂದು ಹಂಚಿಕೊಟ್ಟವರು ಯಾರೋ. ಲಿಂಫೊಸೈಟ್‌ನ ಪೊರೆಯ ಮೇಲಿರುವುದು 50 ಮಿಲಿವೋಲ್ಟ್‌ನ ಆಸುಪಾಸು. ಕೇಳಲು ಅಲ್ಪ. 5 ನ್ಯಾನೊಮೀಟರ್‌ನಿಂದ ಭಾಗಿಸಿ ನೋಡಿ: ಮೀಟರಿಗೆ ಒಂದು ಕೋಟಿ ವೋಲ್ಟ್. ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ಸಾಕು.

ಈಗ ಪಾರ್ಶ್ವವಾಯುವಿಗೆ ಬರೋಣ. ರಕ್ತನಾಳ ಕಟ್ಟಿಕೊಂಡು ಮಿದುಳಿನ ಒಂದು ಭಾಗ ಸಾಯತೊಡಗಿದಾಗ ಸುದ್ದಿ ಇಡೀ ದೇಹಕ್ಕೆ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ನ್ಯೂಟ್ರೊಫಿಲ್ ಏರುತ್ತದೆ, ಲಿಂಫೊಸೈಟ್ ಇಳಿಯುತ್ತದೆ. ಇವೆರಡರ ಅನುಪಾತ ಹೆಚ್ಚಿದ್ದವರ ಚೇತರಿಕೆ ಸಾಮಾನ್ಯವಾಗಿ ಕುಂಟುತ್ತದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ನ್ಯೂಟ್ರೊಫಿಲ್‌ಗಳು ಸಣ್ಣ ಲೋಮನಾಳಗಳಲ್ಲಿ ಸಿಕ್ಕಿಕೊಂಡು, ದೊಡ್ಡ ನಾಳ ತೆರೆದ ಮೇಲೂ ರಕ್ತ ಹರಿಯಲು ಬಿಡದಿರುವುದುಂಟು. ಅವು ತಮ್ಮ ಡಿಎನ್ಎಯನ್ನೇ ಬಲೆಯಾಗಿ ಹೊರಗೆ ಚೆಲ್ಲುತ್ತವೆ ಎಂಬುದು 2004ರಲ್ಲಿ ಗೊತ್ತಾಯಿತು. ಪಾರ್ಶ್ವವಾಯು ಆದವರ ಮಿದುಳಿನಿಂದ ಹೊರತೆಗೆದ ಹೆಪ್ಪುಗಳಲ್ಲೂ ಅದೇ ಬಲೆ ಸಿಕ್ಕಿದೆ. ಅಂತಹ ಹೆಪ್ಪು ಕರಗಿಸುವ ಔಷಧಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ.

ಹಾಗಾದರೆ ನ್ಯೂಟ್ರೊಫಿಲ್‌ಗಳನ್ನು ತಡೆದುಬಿಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ. ರಕ್ತನಾಳದ ಗೋಡೆಗೆ ಅವು ಅಂಟದಂತೆ ತಡೆಯುವ ಎನ್ಲಿಮೊಮ್ಯಾಬ್ ಎಂಬ ಪ್ರತಿಕಾಯದ ಪ್ರಯೋಗದ ಫಲಿತಾಂಶ 2001ರಲ್ಲಿ ಹೊರಬಂತು. ಔಷಧ ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಟ್ಟದಾಗಿತ್ತು. ಅದು ಇಲಿಯ ಪ್ರತಿಕಾಯವಾದ್ದರಿಂದ ಮನುಷ್ಯನ ನ್ಯೂಟ್ರೊಫಿಲ್‌ಗಳನ್ನು ತಾನೇ ಕೆರಳಿಸಿರಬಹುದು ಎಂಬ ವಿವರಣೆ ಆಮೇಲೆ ಬಂತು. ನನಗೆ ಇದು ಮುಖ್ಯವಾದ ಪ್ರಸಂಗ. ಕಣಗಳ ಎಣಿಕೆ ಹಿಡಿದುಕೊಂಡು ಕೂತರೆ, ನಾವೇ ಕೆರಳಿಸಿದ ಕಣ ಯಾವುದು, ಸುಮ್ಮನಿರುವ ಕಣ ಯಾವುದು ಎಂಬುದು ತಿಳಿಯುವುದಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಹತ್ತಿರದ್ದು. ನನ್ನ ಸೋದರತ್ತೆಗೆ ಎಡ ಮಿದುಳಿನ ನಾಳ ಕಟ್ಟಿ ಮಾತು ನಿಂತು ಬಲಗೈ ಬಿದ್ದುಹೋದಾಗ, ಎರಡನೇ ದಿನದ ವರದಿಯಲ್ಲಿ ನ್ಯೂಟ್ರೊಫಿಲ್ ಶೇಕಡಾ 84, ಲಿಂಫೊಸೈಟ್ 9. ಮಾರನೆಯ ದಿನ ಸಂಜೆ ಜ್ವರ. ಆಮೇಲೆ ಎದೆಯ ಬಲಭಾಗದಲ್ಲಿ ನ್ಯುಮೋನಿಯ. ಅತ್ತೆ ಬದುಕಿದರು, ಆದರೆ ನಡೆಯುವ ಅಭ್ಯಾಸ ಶುರುವಾಗಬೇಕಿದ್ದ ದಿನಗಳು ಆಂಟಿಬಯಾಟಿಕ್ ಡ್ರಿಪ್ಪಿನಲ್ಲಿ ಕಳೆದವು. ಒಬ್ಬರ ಕಥೆಯಿಂದ ವಿಜ್ಞಾನ ಹುಟ್ಟುವುದಿಲ್ಲ. ಆದರೆ ಈ ಕ್ರಮ ಅಪರೂಪದ್ದಲ್ಲ. ನುಂಗುವ ಸ್ನಾಯುಗಳು ದುರ್ಬಲವಾಗಿ ಎಂಜಲು, ಆಹಾರ ಶ್ವಾಸಕೋಶಕ್ಕೆ ಜಾರುವುದು ಒಂದು ಕಾರಣ. ಮಿದುಳಿನ ಗಾಯವೇ ರೋಗನಿರೋಧಕ ವ್ಯವಸ್ಥೆಯ ಕುತ್ತಿಗೆ ಹಿಸುಕುವುದು ಎರಡನೆಯದು. 2003ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಪಾರ್ಶ್ವವಾಯುವಿನ ನಂತರ ಒತ್ತಡದಲ್ಲಿ ದೇಹವನ್ನು ಎಚ್ಚರಿಸುವ ಸಿಂಪಥೆಟಿಕ್ ನರಮಂಡಲದ ಅಬ್ಬರದಿಂದ ಲಿಂಫೊಸೈಟ್‌ಗಳು ಸೊರಗಿ ಸೋಂಕು ತಗುಲುವುದನ್ನು ತೋರಿಸಿದರು. ಅಂಥ ಇಲಿಗಳಿಗೆ ಆ ಅಬ್ಬರವನ್ನು ತಡೆಯುವ ಪ್ರೊಪ್ರನೊಲಾಲ್ ಎಂಬ ಔಷಧ ಕೊಟ್ಟಾಗ ಸೋಂಕು ತಪ್ಪಿತು.

ಎಲ್ಲರಿಗೂ ಮುಂಚಿತವಾಗಿ ಆಂಟಿಬಯಾಟಿಕ್ ಕೊಟ್ಟುಬಿಡೋಣ ಎಂಬ ಯೋಚನೆ ಸಹಜ. 2015ರಲ್ಲಿ ಎರಡು ದೊಡ್ಡ ಪ್ರಯೋಗಗಳು ಅದಕ್ಕೆ ಉತ್ತರ ಕೊಟ್ಟವು, ನೆದರ್ಲೆಂಡ್ಸ್‌ನದು ಒಂದು, ಬ್ರಿಟನ್ನಿನದು ಇನ್ನೊಂದು. ಎರಡರಲ್ಲೂ ರೋಗಿಗಳ ಕೊನೆಯ ಚೇತರಿಕೆಯಲ್ಲಿ ಸುಧಾರಣೆ ಕಾಣಲಿಲ್ಲ. ನನ್ನ ಪ್ರಕಾರ ಇಲ್ಲೇ ವಿದ್ಯುತ್ ಅಳತೆಗೆ ಜಾಗವಿದೆ. ಎಲ್ಲರಿಗೂ ಔಷಧ ಎಂದಾಗ ಲಾಭ ಸಿಗದಿದ್ದರೆ, ಯಾರ ರಕ್ಷಣೆ ಕುಸಿಯುತ್ತಿದೆ ಎಂದು ಬೇಗ ಹೇಳಬಲ್ಲ ಸೂಚಕ ಬೇಕು. ಮಾನೊಸೈಟ್ ಮೇಲಿನ ಎಚ್ಎಲ್ಎ–ಡಿಆರ್ ಎಂಬ ಪ್ರೋಟೀನ್ ಕಡಿಮೆಯಾಗಿದೆಯೇ ಎಂದು ಫ್ಲೋ ಸೈಟೊಮೀಟರ್‌ನಲ್ಲಿ (ಬಣ್ಣ ಹಚ್ಚಿದ ಕಣಗಳನ್ನು ಲೇಸರ್ ಬೆಳಕಿನಲ್ಲಿ ಓದುವ ಯಂತ್ರ) ನೋಡುವ ವಿಧಾನ ಇದೆ. ಅದಕ್ಕೆ ಪ್ರತಿಕಾಯ ಬೇಕು, ಬಣ್ಣ ಬೇಕು, ತರಬೇತಾದ ಕೈ ಬೇಕು, ರಾತ್ರಿ ಎರಡು ಗಂಟೆಗೆ ಅದನ್ನು ಮಾಡಿಕೊಡುವವರು ಬೇಕು. ವಿದ್ಯುತ್ ಅಳತೆಗೆ ಬಣ್ಣದ ಗೊಡವೆಯಿಲ್ಲ, ನಿಮಿಷಗಳಲ್ಲಿ ಸಾವಿರಾರು ಕಣ ದಾಟಿಹೋಗುತ್ತವೆ.

ಇದು ಬರೀ ಆಸೆಯಲ್ಲ ಎನ್ನುವುದಕ್ಕೆ ಉದಾಹರಣೆ ಪಕ್ಕದ ಕಾಯಿಲೆಯಲ್ಲಿದೆ. ರಕ್ತನಂಜು, ಅಂದರೆ ಸೆಪ್ಸಿಸ್ ಆದಾಗ ಮಾನೊಸೈಟ್‌ಗಳ ಗಾತ್ರ ಒಂದೇ ತೆರನಾಗಿರದೆ ಚೆಲ್ಲಾಪಿಲ್ಲಿಯಾಗುತ್ತದೆ. ಆ ಚೆಲ್ಲಾಪಿಲ್ಲಿತನವನ್ನು ಕೌಲ್ಟರ್ ಮಿಡಿತಗಳಿಂದಲೇ ಲೆಕ್ಕ ಹಾಕುವ ಮಾನೊಸೈಟ್ ಹರಡುವಿಕೆಯ ಅಳತೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಒಪ್ಪಿಗೆ ಕೊಟ್ಟಿತು. ತುರ್ತು ವಿಭಾಗಕ್ಕೆ ಬಂದ ವಯಸ್ಕರಿಗೆ ಸಾಮಾನ್ಯ ರಕ್ತಕಣ ಪರೀಕ್ಷೆಯ ಜೊತೆಗೇ ಅದು ಬರುತ್ತದೆ. ಹೊಸ ಕೊಳವೆ ಬೇಡ, ಹೊಸ ಸೂಜಿ ಬೇಡ. ವರ್ಷಗಟ್ಟಲೆ ಯಂತ್ರದೊಳಗೇ ಇದ್ದ ಅಂಕಿಗೆ ಕೊನೆಗೂ ಒಂದು ಹೆಸರು ಸಿಕ್ಕಿತು, ಅಷ್ಟೆ.

ಸಂಶೋಧನಾಲಯಗಳು ಇದಕ್ಕಿಂತ ಮುಂದೆ ಹೋಗಿವೆ. ಗಾಜಿನ ಚಿಪ್ ಒಂದರ ಕೂದಲೆಳೆಯಂಥ ಕಾಲುವೆಯಲ್ಲಿ ಕಣಗಳನ್ನು ಹಾಯಿಸಿ, ಸುಮಾರು 500 ಕಿಲೋಹರ್ಟ್ಸ್ ಮತ್ತು 1.7 ಮೆಗಾಹರ್ಟ್ಸ್ ಎರಡರಲ್ಲೂ ಒಟ್ಟಿಗೆ ಅಳೆದು ಲಿಂಫೊಸೈಟ್, ಮಾನೊಸೈಟ್, ನ್ಯೂಟ್ರೊಫಿಲ್‌ಗಳನ್ನು ಬೇರ್ಪಡಿಸಿ ತೋರಿಸಿದ್ದು 2009ರಲ್ಲಿ. ಇನ್ನೊಂದು ದಾರಿ ಡೈಎಲೆಕ್ಟ್ರೊಫೊರೆಸಿಸ್. ಹರ್ಬರ್ಟ್ ಪೋಲ್ ಎಂಬ ವಿಜ್ಞಾನಿ 1951ರಲ್ಲಿ ಈ ಹೆಸರಿಟ್ಟರು. ಸಮವಲ್ಲದ ವಿದ್ಯುತ್ ಕ್ಷೇತ್ರದಲ್ಲಿ ಕಣವನ್ನಿಟ್ಟರೆ ಕಡಿಮೆ ಆವರ್ತನದಲ್ಲಿ ಅದು ದೂರ ತಳ್ಳಲ್ಪಡುತ್ತದೆ, ಆವರ್ತನ ಏರಿಸಿದರೆ ಒಂದು ಹಂತದಲ್ಲಿ ಮನಸ್ಸು ಬದಲಿಸಿ ಹತ್ತಿರ ಬರುತ್ತದೆ. ಆ ತಿರುವಿನ ಆವರ್ತನ ಕಣದ ತ್ರಿಜ್ಯ ಮತ್ತು ಪೊರೆಯ ಕೆಪ್ಯಾಸಿಟನ್ಸ್ ಹೆಚ್ಚಿದಷ್ಟೂ ಕೆಳಗಿಳಿಯುತ್ತದೆ. ಕೆರಳಿದ ನ್ಯೂಟ್ರೊಫಿಲ್‌ನ ತಿರುವು ಸುಮ್ಮನಿರುವುದರ ತಿರುವಿಗಿಂತ ಬೇರೆ ಜಾಗದಲ್ಲಿ ಬೀಳುತ್ತದೆ. ಇದೇ ತತ್ವದ ಮೇಲೆ ಸೆಪ್ಸಿಸ್ ರೋಗಿಗಳ ಬಿಳಿ ಕಣಗಳನ್ನು ಪರೀಕ್ಷಿಸುವ ಕೆಲಸ ಎಂಐಟಿಯಲ್ಲಿ ನಡೆದಿದೆ.

ಇಷ್ಟೆಲ್ಲ ಹೇಳಿದ ಮೇಲೆ ತಣ್ಣೀರೆರಚುವ ಕೆಲಸವನ್ನೂ ನಾನೇ ಮಾಡಬೇಕು, ಏಕೆಂದರೆ ಕೊಳವೆ ಹಿಡಿಯುವ ಕೈ ನನ್ನದು. ಮೊದಲನೆಯದಾಗಿ, ಈ ಅಳತೆಗೆ ಪಾರ್ಶ್ವವಾಯು ಅಂದರೇನೆಂದು ಗೊತ್ತಿಲ್ಲ. ನ್ಯೂಟ್ರೊಫಿಲ್ ಕೆರಳಲು ಮೂತ್ರಕೋಶದ ಸೋಂಕು ಸಾಕು, ಸ್ಟೆರಾಯ್ಡ್ ಮಾತ್ರೆ ಅದರ ಎಣಿಕೆಯನ್ನು ಏರಿಸುತ್ತದೆ, ಸಿಗರೇಟು ಸೇದುವವರಲ್ಲಿ ಅದು ಮೊದಲೇ ಹೆಚ್ಚಿರುತ್ತದೆ. ನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ಹೇಳಬೇಕಾದದ್ದು ಸಿಟಿ ಸ್ಕ್ಯಾನ್. ಆ ಜಾಗಕ್ಕೆ ಬಿಳಿ ಕಣಗಳನ್ನು ಕೂರಿಸಲು ಹೊರಟ ಲೇಖನಗಳನ್ನು ಓದಿದರೆ ನಾನು ಮೂಗು ಮುರಿಯುತ್ತೇನೆ. ಒಬ್ಬರೇ ರೋಗಿಯ ರಕ್ತವನ್ನು ಬಂದಾಗ, ಆರು ಗಂಟೆಗೆ, ಮರುದಿನ, ಮೂರನೇ ದಿನ ಅಳೆದು ಅವರ ಹಳೆಯ ಅಂಕಿಗೇ ಹೋಲಿಸುವುದು ಸರಿಯಾದ ಬಳಕೆ.

ಎರಡನೆಯದು ಕೊಳವೆ. ರಕ್ತ ಹೆಪ್ಪುಗಟ್ಟದಿರಲು ಹಾಕಿರುವ ಇಡಿಟಿಎಯಲ್ಲಿ ಹೊತ್ತು ಕಳೆದಂತೆ ನ್ಯೂಟ್ರೊಫಿಲ್ ಊದಿಕೊಳ್ಳುತ್ತದೆ. ಕೊಳವೆ ಗುರುತಿನವರೆಗೆ ತುಂಬದಿದ್ದರೆ ಇಡಿಟಿಎ ಹೆಚ್ಚಾಗಿ ಕಣಗಳು ಕುಗ್ಗುತ್ತವೆ. ಮೇಲೆ ಹೇಳಿದ ಮಾನೊಸೈಟ್ ಅಳತೆಗೆ ಕೆ2 ಇಡಿಟಿಎ ಕೊಳವೆಯಾದರೆ ಗಡಿ 20, ಕೆ3 ಆದರೆ 21.5. ಕೊಳವೆಯೊಳಗೆ ಹಾಕಿದ ಉಪ್ಪು ಬದಲಾದರೆ ರೋಗದ ಗಡಿಯೇ ಬದಲಾಗುತ್ತದೆ! ರಕ್ತ ತೆಗೆದ ಸಮಯವನ್ನು ಬರೆಯದೆ, ವಾರ್ಡಿನಲ್ಲಿ ಅರ್ಧ ದಿನ ಇಟ್ಟು ಕಳಿಸಿದ ಕೊಳವೆಯಿಂದ ಕಣದ ಸ್ಥಿತಿ ಹೇಳು ಎಂದರೆ ನಾನು ಹೇಳುವುದು ಕೊಳವೆಯ ಸ್ಥಿತಿಯನ್ನು.

ಮೂರನೆಯದು ಆ ದ್ರಾವಣ. ಕೆಂಪು ಕಣ ಒಡೆಯಲು ಬೆರೆಸುವ ರಾಸಾಯನಿಕ ಬಿಳಿ ಕಣವನ್ನು ಮುಟ್ಟದೆ ಬಿಡುವುದಿಲ್ಲ. ಕೆಲವು ದ್ರಾವಣಗಳು ಅದರ ಪೊರೆಯನ್ನೇ ಕುಗ್ಗಿಸಿ ಸುಕ್ಕುಗಳನ್ನು ಹಾಳುಮಾಡುತ್ತವೆ. ಸುಕ್ಕು ಓದಲು ಹೊರಟವನು ಮೊದಲು ಇಸ್ತ್ರಿ ಮಾಡಿದಂತಾಯಿತು. ಡೈಎಲೆಕ್ಟ್ರೊಫೊರೆಸಿಸ್‌ನಲ್ಲಿ ತೊಡಕು ಬೇರೆ: ಅನೇಕ ಪ್ರಯೋಗಗಳಲ್ಲಿ ಉಪ್ಪು ಕಡಿಮೆಯಿರುವ ಸಕ್ಕರೆ ದ್ರಾವಣ ಬೇಕು, ಅದು ಕಣಕ್ಕೆ ಪರಿಚಿತ ಪರಿಸರವಲ್ಲ. ಸುರುಳಿ ಕಾಲುವೆಯಲ್ಲಿ ಹರಿಸಿ ಬಿಳಿ ಕಣಗಳನ್ನು ಒಡೆಯದೆ ಬೇರ್ಪಡಿಸುವ ಉಪಾಯ ನನಗೆ ಹೆಚ್ಚು ಹಿಡಿಸಿದ್ದು ಈ ಕಾರಣಕ್ಕೆ.

ಇದನ್ನೆಲ್ಲ ನಮ್ಮ ನರರೋಗ ವೈದ್ಯರೊಬ್ಬರ ಮುಂದೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರಿ, ಎರಡನೇ ದಿನ ನೀವು ನನಗೆ ಈ ಅಂಕಿ ಕೊಟ್ಟಿರಿ ಎನ್ನಿ. ನಾನು ಬೇರೆ ಏನು ಮಾಡಲಿ?" ಎಂದರು. ಆಂಟಿಬಯಾಟಿಕ್ ಕೊಡಬಹುದಲ್ಲ ಎಂದೆ. ಪ್ರಯೋಗ ನಡೆಯದೆ ಕೊಡುವುದಿಲ್ಲ ಎಂದು ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ನುಂಗುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸುತ್ತೇನೆ. ಬಾಯಿಯ ಶುಚಿ, ತಲೆದಿಂಬಿನ ಎತ್ತರ ನೋಡಿಕೊಳ್ಳಲು ದಾದಿಗೆ ಹೇಳುತ್ತೇನೆ. ಜ್ವರ ಬರುವವರೆಗೆ ಕಾಯದೆ ಎದೆಗೆ ಸ್ಟೆತಸ್ಕೋಪ್ ಇಡುತ್ತೇನೆ. ಇದಕ್ಕೆ ಪ್ರಯೋಗದ ಫಲಿತಾಂಶ ಬೇಡ."

ಅಷ್ಟಾದರೂ ಸಾಕು ಎಂದು ನಾನು ಯಂತ್ರದ ಸರ್ವಿಸ್ ಎಂಜಿನಿಯರ್ ಬಂದಾಗ ಪ್ರತಿ ಕಣದ ಮೂಲ ಮಿಡಿತಗಳನ್ನು ಉಳಿಸಿಕೊಳ್ಳಲು ಆಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ, ಆದರೆ ಅದಕ್ಕೆ ಕಂಪನಿಯ ಪಾಸ್‌ವರ್ಡ್ ಬೇಕು, ಡಿಸ್ಕ್ ತುಂಬಿದಂತೆ ಯಂತ್ರ ಹಳೆಯದನ್ನು ತಾನಾಗಿ ಅಳಿಸುತ್ತದೆ ಎಂದರು. ಪಾಸ್‌ವರ್ಡಿಗೆ ಅರ್ಜಿ ಹೋಗಿದೆ. ಅದು ಬರುವ ತನಕ ಪಾರ್ಶ್ವವಾಯು ವಾರ್ಡಿನಿಂದ ಬಂದ ಮಾದರಿಗಳ ಚುಕ್ಕೆ ಚಿತ್ರವನ್ನು ರಕ್ತ ತೆಗೆದ ಸಮಯದೊಂದಿಗೆ ಮುದ್ರಿಸಿ, ಹೆಸರಿನ ಜಾಗಕ್ಕೆ ಸಂಕೇತ ಹಾಕಿ, ಒಂದು ಫೈಲಿನಲ್ಲಿ ಇಡಲು ವಿಭಾಗದ ಮುಖ್ಯಸ್ಥರು ಒಪ್ಪಿದ್ದಾರೆ.